ಹರಿಣಾಕ್ಷಿಯ ನಾಡಿ

ಏಳನೆಯ ಮಂಚದ ಹೆಂಗಸು ಆ ಬೆಳಿಗ್ಗೆಯೂ ಉಳಿಯಲಿಲ್ಲ.

ಮಂಚದ ಸುತ್ತ ಮೂರನೆಯ ವರ್ಷದ ನರ್ಸಿಂಗ್ ವಿದ್ಯಾರ್ಥಿನಿಯರು ಐದು ಮಂದಿ ನಿಂತಿದ್ದರು. ಒಬ್ಬಳು ಉಸಿರಿನ ಚೀಲ ಹಿಸುಕುತ್ತಿದ್ದಳು. ಇನ್ನೊಬ್ಬಳು ಎದೆಯನ್ನು ಒತ್ತಿ ಒತ್ತಿ ಬೆವತು ಹೋಗಿದ್ದಳು. ಮಣಿಕಟ್ಟು ಹಿಡಿದಿದ್ದ ಶಿವಲೀಲಾಳ ಬೆರಳ ಕೆಳಗೆ ನಾಡಿ ನೂಲಿನ ಎಳೆಯಷ್ಟಾಗಿ, ಆಮೇಲೆ ಏನೂ ಇಲ್ಲವಾಯಿತು.

"ಸಿಗವಲ್ದ್ರಿ ಮೇಡಂ," ಅಂದಳು.

ಅವರಿಗೆ ಕಲಿಸುತ್ತಿದ್ದ ಸೆಲಿನ್ ಮಸ್ಕರೇನಸ್ ಮುಂದೆ ಬಂದು ಗುಂಡಿ ಒತ್ತಿದರು. ಮಂಚದ ಕೆಳಗಿನ ಪಂಪು ನಿಂತಿತು.

ಮಲಗಿದ್ದದ್ದು ಗೊಂಬೆ. ಅದರ ಚರ್ಮ ರಬ್ಬರಿನದು, ಒಳಗಿದ್ದದ್ದು ಕೆಂಪು ಬಣ್ಣ ಬೆರೆಸಿದ ನೀರು. ಆದರೆ ಆ ನೀರು ಹರಿಯುವ ರೀತಿ ಒಬ್ಬ ನಿಜವಾದ ಹೆಂಗಸಿನದಾಗಿತ್ತು. ಕರಾವಳಿಯ ಬಸುರಿಯರು ನಾಲ್ಕನೆಯ ತಿಂಗಳಿನಿಂದ ಮಣಿಕಟ್ಟಿಗೆ ನಾಡಿಬಿಲ್ಲೆ ಅಂಟಿಸಿಕೊಳ್ಳುವುದು ರೂಢಿಗೆ ಬಂದು ಆಗಲೇ ಹತ್ತು ವರ್ಷ ಕಳೆದಿತ್ತು. ರೂಪಾಯಿ ನಾಣ್ಯದಷ್ಟಿದ್ದ ಆ ಬಿಲ್ಲೆ ನಾಡಿಯ ಒಂದೊಂದು ಅಲೆಯನ್ನೂ ಬರೆದಿಟ್ಟುಕೊಳ್ಳುತ್ತಿತ್ತು, ರಕ್ತದ ಒತ್ತಡ ಏರಿದರೆ ಕೆಂಪು ದೀಪ ಬೆಳಗುತ್ತಿತ್ತು. ಅಲೆ ಏರುವ ಬಿರುಸಿನಿಂದ ಹೃದಯ ಎಷ್ಟು ಜೋರಾಗಿ ತಳ್ಳುತ್ತಿದೆ ಎಂದೂ, ಇಳಿಯುವ ಬಗೆಯಿಂದ ರಕ್ತನಾಳಗಳು ಎಷ್ಟು ಬಿಗಿದುಕೊಂಡಿವೆ ಎಂದೂ ಲೆಕ್ಕ ಹಾಕಬಹುದಾಗಿತ್ತು. ತಿಂಗಳುಗಟ್ಟಲೆ ಅಲೆಗಳು ಸಿಕ್ಕರೆ ಕಂಪ್ಯೂಟರು ಆ ವ್ಯಕ್ತಿಯ ರಕ್ತಸಂಚಾರವನ್ನೇ ಮತ್ತೆ ಕಟ್ಟುತ್ತಿತ್ತು. ಗೊಂಬೆಗೆ ಮದ್ದು ಕೊಟ್ಟರೆ ಆ ವ್ಯಕ್ತಿಯ ದೇಹ ಹೇಗೆ ನಡೆದುಕೊಳ್ಳುತ್ತಿತ್ತೋ ಹಾಗೆಯೇ ನಡೆದುಕೊಳ್ಳುತ್ತಿತ್ತು.

ಸತ್ತವರ ಮನೆಯವರು ಒಪ್ಪಿದರೆ ಮಾತ್ರ ಹೀಗೆ ಬಳಸುತ್ತಿದ್ದರು. ಹೆಸರು, ಊರು ಏನೂ ಇರುತ್ತಿರಲಿಲ್ಲ. ಏಳನೆಯ ಮಂಚದವಳ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಚೊಚ್ಚಲ ಬಸುರಿ, ಎಂಟನೆಯ ತಿಂಗಳು, ಆಸ್ಪತ್ರೆಯ ಬಾಗಿಲಿಗೆ ಬರುವಾಗಲೇ ಫಿಟ್ಸ್.

"ಎಲ್ಲಿ ತಪ್ಪಾಯ್ತು, ಹೇಳಿ ನೋಡುವ," ಅಂದರು ಸೆಲಿನ್.

"ಸಲೈನ್ ಜಾಸ್ತಿ ಬಿಟ್ವಿ ಮೇಡಂ. ಶ್ವಾಸಕೋಶದಲ್ಲಿ ನೀರು ತುಂಬ್ತು."

"ಹೌದು. ಪ್ರೆಶರ್ ಅಂದ್ರೆ ಎರಡೇ ವಿಷಯ, ಮರೀಬೇಡಿ. ಹೃದಯ ಎಷ್ಟು ತಳ್ತದೆ, ನಾಳ ಎಷ್ಟು ತಡೀತದೆ. ಇವಳದ್ದು ಎರಡನೆಯದು. ಮೈಯೆಲ್ಲಾ ಊದಿದ್ರೂ ನಾಳಗಳ ಒಳಗೆ ನೀರು ಕಡಿಮೆ, ಗೋಡೆ ಮಾತ್ರ ಬಿಗಿದಿದೆ. ಅಂಥಲ್ಲಿಗೆ ನೀರು ತುಂಬಿಸಿದ್ರೆ ಅದು ಸೋರಿ ಶ್ವಾಸಕೋಶಕ್ಕೇ ಹೋಗ್ತದೆ. ಹೋದ ವಾರದವರು ಪ್ರೆಶರನ್ನು ಒಮ್ಮೆಲೇ ಇಳಿಸಿದ್ರು. ಆಗ ಮಗುವಿಗೂ ಮೆದುಳಿಗೂ ರಕ್ತ ಸಾಕಾಗಲಿಲ್ಲ."

"ಎಲ್ಲಾ ಸರಿ ಮಾಡಿದ್ರ ಉಳೀತಾಳೇನ್ರಿ?" ಶಿವಲೀಲಾ ಕೇಳಿದಳು. ಸಿಂಧನೂರಿನ ಕಡೆಯ ಹುಡುಗಿ. ಮಾತಿಗಿಂತ ಮುಂಚೆ ಅವಳ ಹುಬ್ಬು ಕೇಳುತ್ತಿತ್ತು.

ಸೆಲಿನ್ ಗೊಂಬೆಯ ತೋಳಿನಿಂದ ಬಿ.ಪಿ. ಪಟ್ಟಿಯನ್ನು ಬಿಚ್ಚಿ ಸುರುಳಿ ಸುತ್ತಿದರು. "ಇಲ್ಲ. ಇದುವರೆಗೆ ಯಾರ ಕೈಯಲ್ಲೂ ಉಳಿದಿಲ್ಲ. ಬಾಗಿಲಿಗೆ ಬರುವಾಗಲೇ ಮೆದುಳಿನಲ್ಲಿ ರಕ್ತಸ್ರಾವ ಶುರುವಾಗಿರ್ತದೆ."

"ಮತ್ತ ನಾವು ಯಾಕ ಮಾಡೋದ್ರಿ?"

"ಸೋಲುವಾಗಲೂ ಕೈ ನಡುಗಬಾರದು, ಅದಕ್ಕೆ."

"ಒಂಚೂರು ಮೊದಲಿಂದ ಶುರು ಮಾಡಾಕ ಬರಂಗಿಲ್ಲೇನ್ರಿ?"

"ಮೊದಲಿನದ್ದು ಇಲ್ಲ. ಆಸ್ಪತ್ರೆಗೆ ಬರುವ ಹಿಂದಿನ ದಿನದಿಂದ ಬಿಲ್ಲೆ ಅವಳ ಮೈಮೇಲೆ ಇರಲಿಲ್ಲ, ಬಾಗಿಲಲ್ಲೇ ಮತ್ತೆ ಅಂಟಿಸಿದ್ದು. ಯಾಕೆ ಅಂತ ಗೊತ್ತಿಲ್ಲ. ಖಾಲಿ ಇರುವ ಜಾಗವನ್ನು ಊಹೆ ಮಾಡಿ ತುಂಬಬಾರದು ಅಂತ ನಿಯಮ ಉಂಟು."

ಹುಡುಗಿಯರು ಹೋದ ಮೇಲೆ ಸೆಲಿನ್ ಗೊಂಬೆಯ ಹಣೆಯ ಮೇಲೆ ಅಂಟಿದ್ದ ಟೇಪಿನ ಚೂರನ್ನು ಕಿತ್ತು ತೆಗೆದರು. ಮಧ್ಯಾಹ್ನ ಇನ್ನೊಂದು ತಂಡ ಬರುವುದಿತ್ತು.

ಮನೆಯಲ್ಲಿ ಸಂಜೆ ಗಂಡ ವಲೇರಿಯನ್ ತಟ್ಟೆಯ ಅಂಚಿನಲ್ಲಿ ಉಪ್ಪಿನಕಾಯಿಯನ್ನು ಅನ್ನದಡಿ ಬಚ್ಚಿಟ್ಟಿದ್ದು ಸೆಲಿನ್‌ಗೆ ಕಂಡಿತು. ವಲೇರಿಯನ್‌ಗೆ ಹತ್ತು ವರ್ಷದಿಂದ ಬಿ.ಪಿ.

"ಒಂದು ತುಂಡು ಅಷ್ಟೇ ಮಾರಾಯ್ತಿ. ನಂಗೇನೂ ಆಗ್ತಾ ಇಲ್ಲ."

"ಏನೂ ಆಗದೆ ಇರುವುದೇ ಅದರ ಕೆಲಸ. ನೋವಾಗುವ ಕಾಯಿಲೆ ಆಗಿದ್ರೆ ನೀವೇ ಓಡಿಕೊಂಡು ಆಸ್ಪತ್ರೆಗೆ ಹೋಗ್ತಿದ್ರಿ."

ವಲೇರಿಯನ್ ಹೆಂಡತಿಯ ಮುಖ ನೋಡಿದರು. "ಇವತ್ತೂ ಸತ್ತಳಾ ನಿಮ್ಮ ಏಳನೇ ಬೆಡ್?"

ಸೆಲಿನ್ ತಲೆಯಾಡಿಸಿ ಉಪ್ಪಿನಕಾಯಿಯನ್ನು ತಮ್ಮ ತಟ್ಟೆಗೆ ಹಾಕಿಕೊಂಡರು.

ವಿದ್ಯಾರ್ಥಿನಿಯರು ಊರೊಳಗೆ ಹೋಗಿ ಬಿ.ಪಿ. ನೋಡುವ ತಿಂಗಳು ಬಂತು. ಶಿವಲೀಲಾಳ ತಂಡಕ್ಕೆ ಬಂದರಿನ ಬಡಗು ಬದಿಯ ಮೀನು ಒಣಗಿಸುವ ಅಂಗಳ ಸಿಕ್ಕಿತು. ಉದ್ದಕ್ಕೂ ಹಾಸಿದ ಬಲೆಗಳ ಮೇಲೆ ಉಪ್ಪು ಹಚ್ಚಿದ ಬೂತಾಯಿ, ಬಂಗುಡೆ. ಅವುಗಳ ನಡುವೆ ಕೊಡೆ ಹಿಡಿದು, ಕಾಗೆ ಓಡಿಸುತ್ತ ಓಡಾಡುವ ಹೆಂಗಸರು. ದಿನವೂ ಉಪ್ಪು ಮುಟ್ಟುವ, ಗಂಜಿಗೆ ಒಣಮೀನು ನಂಜಿಕೊಳ್ಳುವ ಆ ಹೆಂಗಸರಲ್ಲಿ ಮೂವರಲ್ಲೊಬ್ಬರಿಗೆ ರಕ್ತದ ಒತ್ತಡ ಹೆಚ್ಚಿತ್ತು.

ಜಲಜಕ್ಕ ಎಲ್ಲರಿಗಿಂತ ಕೊನೆಗೆ ಬಂದರು. ಐವತ್ತರ ಆಚೀಚಿನವರು, ಗಟ್ಟಿ ಮೈಕಟ್ಟು. ಶಿವಲೀಲಾ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸ್ವಲ್ಪ ಹೊತ್ತು ಸುಮ್ಮನಿರಲು ಹೇಳಿ, ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟು ಪಟ್ಟಿ ಸುತ್ತಿದಳು. ಗಾಳಿ ಇಳಿಯುವಾಗ ಸ್ಟೆತಾಸ್ಕೋಪಿನಲ್ಲಿ ಮೊದಲ ಬಡಿತ ನೂರ ಎಪ್ಪತ್ತೆಂಟಕ್ಕೆ ಕೇಳಿಸಿತು. ಕೊನೆಯದು ನೂರ ನಾಲ್ಕಕ್ಕೆ.

"ಅಮ್ಮಾ, ಭಾಳ ಐತ್ರಿ. ಬಿಲ್ಲೆ ಹಾಕ್ಸಿಕೊಂಡ್ರ ಚಲೋ. ಈಗ ಬಸುರಿಯರಿಗೆ ಅಷ್ಟ ಅಲ್ಲ, ಎಲ್ಲಾರಿಗೂ ಕೊಡ್ತಾರ."

ಜಲಜಕ್ಕ ಕೈ ಎಳೆದುಕೊಂಡರು. "ಅದೊಂದು ಬೇಡ ಮಗಾ. ಮಾತ್ರೆ ಕೊಡು, ತಿನ್ತೇನೆ. ಬಿಲ್ಲೆ ಬೇಡ."

"ಯಾಕ್ರೀ?"

ಜಲಜಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಕೇಳಿದವಳು ಪರವೂರಿನ ಹುಡುಗಿ. ಅದಕ್ಕೇ ಇರಬಹುದು, ಹೇಳಿದರು. "ನನ್ನ ಮಗಳು ಹಾಕಿಕೊಂಡಿದ್ಳು. ಐದು ವರ್ಷ ಆಯ್ತು. ಮೂರು ಸಲ ಕೆಂಪು ಲೈಟು ಬಂತು. ಮೂರು ಸಲವೂ ಓಡಿದೆವು. ಏನೂ ಇಲ್ಲ ಅಂದ್ರು. ಒಮ್ಮೆ ಜೋರು ನಗಾಡಿದ್ದಕ್ಕೆ ಬಂದಿತ್ತು. ನಾಲ್ಕನೇ ಸಲ ಬಂದಾಗ ನಾವು ಹೋಗಲಿಲ್ಲ. ಅವಳಿಗೆ ಅದನ್ನು ನೋಡಿದ್ರೇ ಹೆದರಿಕೆ ಆಗ್ತಿತ್ತು. ನಾನೇ ತೆಂಗಿನೆಣ್ಣೆ ಹಚ್ಚಿ ಬಿಡಿಸಿ ತೆಗೆದೆ."

ಶಿವಲೀಲಾ ಪಟ್ಟಿ ಮಡಚುವುದನ್ನು ನಿಲ್ಲಿಸಿದಳು.

"ಮರುದಿನ ರಿಕ್ಷಾದಲ್ಲೇ ಫಿಟ್ಸ್ ಬಂತು. ಮಗು ಉಳೀತು. ಅವಳು ಹೋದಳು." ಜಲಜಕ್ಕ ಬಲೆಯ ಕಡೆ ನೋಡುತ್ತ ಹೇಳಿದರು. "ಅವಳ ನಾಡಿ ಸಣ್ಣದಿರುವಾಗಲೇ ಒಂಥರ. ನಾಲ್ಕು ಸಲ ಸರಿ ಹೊಡೆದು ಒಮ್ಮೆ ನಿಲ್ತಿತ್ತು. ಆಮೇಲೆ ಜೋರಾಗಿ ಒಂದು. ಮಲಗಿಸುವಾಗ ಕೈ ಹಿಡಿದು ನಾನು ಹೆದರಿ ಸಾಯ್ತಿದ್ದೆ. ಅದೇನೂ ಕಾಯಿಲೆ ಅಲ್ಲ ಅಂತ ಡಾಕ್ಟ್ರು ಹೇಳಿದ್ರು."

ಆ ನಾಡಿ ಶಿವಲೀಲಾಳ ಬೆರಳುಗಳಿಗೆ ಗೊತ್ತಿತ್ತು. ನಾಲ್ಕು ಬಡಿತ, ಒಂದು ಬಿಡುವು, ಆಮೇಲೆ ಎದ್ದು ಹೊಡೆಯುವ ಒಂದು ಬಡಿತ. ಎಂಟನೆಯ ತಿಂಗಳು. ಬಾಗಿಲಲ್ಲೇ ಫಿಟ್ಸ್. ಹಿಂದಿನ ದಿನದಿಂದ ಖಾಲಿ. ಹೇಳಬಾರದು ಎಂದು ಅವಳಿಗೆ ಕಲಿಸಿದ್ದರು. ರೋಗಿಯ ವಿಷಯ ಹೊರಗೆ ಆಡಬಾರದೆಂಬುದು ಮೊದಲ ವರ್ಷದ ಮೊದಲ ಪಾಠ. ಆದರೂ ಬಾಯಿ ತಡೆಯಲಿಲ್ಲ.

"ಅಮ್ಮಾ, ಆ ನಾಡಿ ನಾ ಹಿಡಿದೀನ್ರಿ," ಅಂದಳು. "ನಮ್ಮ ಕಾಲೇಜಿನ್ಯಾಗ ಐತ್ರಿ ಅದು."

ಜಲಜಕ್ಕನ ಮಗಳು ಹರಿಣಾಕ್ಷಿ ಸತ್ತ ದಿನ ಅವಳ ಗಂಡ ದಿನಕರ ಆಸ್ಪತ್ರೆಯ ವರಾಂಡದಲ್ಲಿ ನೆಲದ ಮೇಲೆ ಕೂತಿದ್ದ. ಯಾರೋ ಬಂದು, ಬಿಲ್ಲೆಯ ಅಲೆಗಳನ್ನು ಕಲಿಯುವ ಮಕ್ಕಳಿಗೆ ಕೊಡಬಹುದೇ ಎಂದು ಕೇಳಿದ್ದರು. ಇನ್ನೊಬ್ಬರಿಗೆ ಉಪಕಾರ ಆಗುವುದಾದರೆ ತೆಗೆದುಕೊಳ್ಳಿ ಅಂದಿದ್ದ. ಆಮೇಲೆ ಗುಜರಾತಿನ ಬೋಟುಗಳಿಗೆ ಹೋದವನು ವರ್ಷಕ್ಕೊಮ್ಮೆ ಮಗಳನ್ನು ನೋಡಲು ಬರುತ್ತಿದ್ದ. ಹೆಂಡತಿಯ ಹೆಸರು ಎತ್ತುತ್ತಿರಲಿಲ್ಲ. ಅತ್ತೆಗೆ ಈ ವಿಷಯ ಹೇಳಿರಲೂ ಇಲ್ಲ.

ಶಿವಲೀಲಾಳ ಮಾತು ಕೇಳಿದ ಆ ಸಂಜೆ ಜಲಜಕ್ಕ ಮೊಮ್ಮಗಳು ಇಶಾನಿಗೆ ಗಂಜಿ ಬಡಿಸಿ ಎದುರಿಗೆ ಕೂತರು. ಹುಡುಗಿ ಮೀನಿನ ಮುಳ್ಳು ಬಿಡಿಸಿಕೊಡುವಂತೆ ಕೈ ಚಾಚಿದಳು. ಮುಳ್ಳು ಬಿಡಿಸುತ್ತ ಬಿಡಿಸುತ್ತ ಜಲಜಕ್ಕನ ಕೈ ನಿಂತುಹೋಯಿತು.

"ಅಜ್ಜಿ, ಕೊಡು."

"ಕೊಡ್ತೇನೆ ಮಗಾ."

ಮಣ್ಣಾಗಿ ಹೋದ ಮಗಳ ನಾಡಿ ಐದು ವರ್ಷದಿಂದ ಎರಡು ಬಸ್ಸು ಹಿಡಿಯುವಷ್ಟು ದೂರದಲ್ಲಿ ಬಡಿಯುತ್ತಿತ್ತು. ಅದು ಸಂತೋಷವೋ ಅನ್ಯಾಯವೋ ಜಲಜಕ್ಕನಿಗೆ ತಿಳಿಯಲಿಲ್ಲ. ತುಂಬ ಹೊತ್ತು ಯೋಚಿಸಿದ ಮೇಲೆ ಅವರಿಗೆ ಅನ್ನಿಸಿದ್ದು ಒಂದೇ: ಹೋಗಿ ನೋಡಬೇಕು.

ನರ್ಸಿಂಗ್ ಕಾಲೇಜಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು ನಿಂತ ಹೆಂಗಸನ್ನು ಸೆಲಿನ್ ಒಳಗೆ ಕರೆದು ಕೂರಿಸಿದರು. ಶಿವಲೀಲಾ ಹಿಂದಿನ ದಿನವೇ ಬಂದು ತಾನು ಬಾಯಿ ಬಿಟ್ಟದ್ದನ್ನು ಹೇಳಿ ಅತ್ತಿದ್ದಳು. ಸೆಲಿನ್ ಅವಳನ್ನು ಗದರಿಸಿ, ಆಸ್ಪತ್ರೆಯಿಂದ ಹಳೆಯ ಒಪ್ಪಿಗೆ ಪತ್ರ ತರಿಸಿ ನೋಡಿದ್ದರು. ಆಮೇಲೆ ನಿದ್ದೆ ಬಾರದೆ ತಾವೂ ಬೆಳಗು ಮಾಡಿದ್ದರು.

"ನಿಮಗೆ ಬೇಡ ಅಂತಾದ್ರೆ ತೆಗೆದುಹಾಕಿಸ್ತೇವೆ," ಅಂದರು ಸೆಲಿನ್. "ನಿಮ್ಮ ಅಳಿಯ ಒಪ್ಪಿದ್ದಾರೆ, ನಿಜ. ಆದ್ರೆ ನೀವು ತಾಯಿ. ನಿಮ್ಮ ಒಂದು ಮಾತು ಸಾಕು."

"ಮೊದ್ಲು ನೋಡ್ತೇನೆ ಟೀಚರ್."

ಪ್ರಯೋಗಶಾಲೆಯಲ್ಲಿ ಆಗ ಯಾರೂ ಇರಲಿಲ್ಲ. ಸೆಲಿನ್ ಯಂತ್ರದಲ್ಲಿ ಐದನೆಯ ತಿಂಗಳನ್ನು ಆರಿಸಿದರು. ಆಗಿನ್ನೂ ಒತ್ತಡ ನೂರ ಹತ್ತು, ಎಪ್ಪತ್ತು ಇತ್ತು. ಗೊಂಬೆಯ ಮುಖವನ್ನು ಕಂಡು ಜಲಜಕ್ಕ ಒಂದು ಹೆಜ್ಜೆ ಹಿಂದೆ ಸರಿದರು. ಅದು ಯಾರ ಮುಖವೂ ಆಗಿರಲಿಲ್ಲ. ಕಾರ್ಖಾನೆಯಿಂದ ಬಂದ ಹಾಗೇ ಬೋಳಾಗಿತ್ತು. ಸೆಲಿನ್ ಅವರ ಕೈಯನ್ನು ಹಿಡಿದು ಗೊಂಬೆಯ ಮಣಿಕಟ್ಟಿನ ಮೇಲೆ ಇಟ್ಟರು.

ಜಲಜಕ್ಕ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಅವರ ಬಾಯಿಂದ "ಹಾಂ" ಎಂಬ ಸಣ್ಣ ಸ್ವರ ಬಂತು. ಸಂತೆಯ ಗದ್ದಲದಲ್ಲಿ ಕೈ ಬಿಟ್ಟುಹೋದ ಮಗು ಸಿಕ್ಕಾಗ ತಾಯಂದಿರ ಬಾಯಿಂದ ಬರುವಂಥ ಸ್ವರ. ಬೆರಳುಗಳನ್ನು ಅಲ್ಲೇ ಇಟ್ಟುಕೊಂಡು ಅವರು ತುಳುವಿನಲ್ಲಿ ಏನೋ ಮಾತಾಡಿದರು. ಸೆಲಿನ್‌ಗೂ ತುಳು ಬರುತ್ತಿತ್ತು. ಆದರೆ ಆ ಮಾತು ತಮಗೆ ಹೇಳಿದ್ದಲ್ಲ ಎಂದು ಕಿಟಕಿಯ ಹತ್ತಿರ ಹೋಗಿ ನಿಂತರು.

ಆಮೇಲೆ ಜಲಜಕ್ಕ ಕೇಳಿದರು, "ಮಕ್ಕಳು ಇವಳನ್ನು ಎಂತ ಮಾಡ್ತಾರೆ?"

"ಉಳಿಸ್ಲಿಕ್ಕೆ ನೋಡ್ತಾರೆ."

"ಉಳೀತಾಳಾ?"

ಸೆಲಿನ್ ಕಿಟಕಿಯಿಂದ ತಿರುಗಿದರು. "ಇಲ್ಲ."

"ಒಮ್ಮೆಯೂ ಇಲ್ವಾ?"

"ಇಲ್ಲ, ಜಲಜಕ್ಕ."

"ನೀವು ಎಲ್ಲಿಂದ ಶುರು ಮಾಡ್ತೀರಿ?"

"ಆಸ್ಪತ್ರೆಯ ಬಾಗಿಲಿನಿಂದ. ಅದರ ಹಿಂದಿನ ಒಂದು ದಿನದ್ದು ನಮ್ಮ ಹತ್ತಿರ ಇಲ್ಲ."

ಜಲಜಕ್ಕ ಗೊಂಬೆಯ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು ಹೊದಿಕೆ ಎಳೆದರು. "ಬಾಗಿಲಿಗೆ ಬರುವಾಗ ಎಲ್ಲ ಮುಗಿದಿತ್ತಲ್ಲ ಟೀಚರ್. ಅಲ್ಲಿಂದ ಶುರು ಮಾಡಿದ್ರೆ ಯಾವ ಮಕ್ಕಳು ಉಳಿಸಿಯಾರು? ಐದು ವರ್ಷದಿಂದ ಪಾಪ ಆ ಹುಡುಗಿಯರ ಕೈಯಲ್ಲೂ ಸಾಯಿಸ್ತಾ ಇದ್ದೀರಿ. ನಮ್ಮ ಮನೆಯಿಂದ ಶುರು ಮಾಡಿ. ಬಿಲ್ಲೆಯಲ್ಲಿ ಇಲ್ಲದ್ದು ನನ್ನ ಹತ್ತಿರ ಉಂಟು."

ಸೆಲಿನ್ ಕುರ್ಚಿ ಎಳೆದು ಅವರ ಎದುರಿಗೆ ಕೂತರು. "ಮನೆಯಿಂದ ಶುರು ಮಾಡಿದ್ರೆ ಅವಳು ಉಳಿಯಲೂಬಹುದು. ಆಗ ನಿಮಗೆ..." ಅವರು ಗೊಂಬೆಯ ಹೊದಿಕೆಯ ಅಂಚು ಮಡಚಿದರು. "ಆಗ ಅದನ್ನು ತಿಳಿದುಕೊಂಡು ನೀವು ಬದುಕಬೇಕಾಗ್ತದೆ."

"ನಂಗೆ ಗೊತ್ತಿಲ್ಲ ಅಂತ ತಿಳ್ಕೊಂಡ್ರಾ?" ಅಂದರು ಜಲಜಕ್ಕ. "ನಂಗೆ ಆವತ್ತಿನಿಂದ ಗೊತ್ತುಂಟು."

ಕಾಲೇಜಿನ ಸಮಿತಿ ಒಪ್ಪಿತು. ಊಹೆಯಿಂದ ತುಂಬಬಾರದೆಂದು ನಿಯಮವಿತ್ತೇ ಹೊರತು, ಕಣ್ಣಾರೆ ಕಂಡವರ ಮಾತಿನಿಂದ ತುಂಬಬಾರದೆಂದು ಇರಲಿಲ್ಲ. ಮೀನಿನ ಕೆಲಸ ಇಲ್ಲದ ದಿನಗಳಲ್ಲಿ ಜಲಜಕ್ಕ ಬಂದು ಕಂಪ್ಯೂಟರ್ ಕೋಣೆಯಲ್ಲಿ ಕೂರುತ್ತಿದ್ದರು. ಯಂತ್ರ ನೋಡಿಕೊಳ್ಳುವ ಹುಡುಗಿಯೊಬ್ಬಳು ಕೇಳುತ್ತಿದ್ದಳು. ಪಕ್ಕದಲ್ಲಿ ಸೆಲಿನ್ ಇರುತ್ತಿದ್ದರು.

ಜಲಜಕ್ಕ ಎಲ್ಲವನ್ನೂ ಹೇಳಿದರು. ವಾರದ ಮೊದಲೇ ಹರಿಣಾಕ್ಷಿಯ ಕಾಲು ಊದಿತ್ತು. ಬಸುರಿಯರಿಗೆ ಊದುವುದು ಇದ್ದದ್ದೇ ಎಂದು ನೆರೆಯವರು ಅಂದಿದ್ದರು. ಆಮೇಲೆ ಮುಖ ಊದಿತು, ಬೆರಳಿನ ಉಂಗುರ ಸಾಬೂನು ಹಚ್ಚಿದರೂ ಬರಲಿಲ್ಲ. ಬಿಲ್ಲೆ ತೆಗೆದ ದಿನ ಬೆಳಿಗ್ಗೆ ತಲೆನೋವು ಅಂದಳು. ಬಿಸಿಲಿಗೆ ಇರಬೇಕೆಂದು ತಾಯಿ ನೆತ್ತಿಗೆ ಎಣ್ಣೆ ತಟ್ಟಿದರು. ಮಧ್ಯಾಹ್ನ ಎದೆಗುಳಿಯ ಹತ್ತಿರ ನೋವೆಂದಳು. ವಾಯು ಇರಬೇಕೆಂದು ಜೀರಿಗೆ ಕಷಾಯ ಕುಡಿಸಿದರು. ಅದು ವಾಂತಿಯಾಯಿತು. ಸಂಜೆ ಅವಳು ಕಣ್ಣುಜ್ಜಿಕೊಳ್ಳುತ್ತ, "ಅಮ್ಮ, ಕಣ್ಣೆದುರು ಮಿಣುಕುಹುಳ ಹಾರ್ತಾ ಉಂಟು," ಅಂದಳು. ದೃಷ್ಟಿ ತಾಗಿದೆಯೆಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು.

"ಒಲೆಯಲ್ಲಿ ಚಟಪಟ ಅಂತ ಸದ್ದಾಯ್ತು," ಅಂದರು ಜಲಜಕ್ಕ. "ದೃಷ್ಟಿ ಹೋಯ್ತು ಅಂತ ನಾವಿಬ್ಬರೂ ನಗಾಡಿದೆವು."

ಯಂತ್ರದ ಹುಡುಗಿ ಕೀಲಿಮಣೆಯಿಂದ ಕೈ ತೆಗೆದು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದಳು.

ಜಲಜಕ್ಕ ಹೇಳಿದ ಒಂದೊಂದು ಲಕ್ಷಣವೂ ಒತ್ತಡದ ಒಂದೊಂದು ಮೆಟ್ಟಿಲಾಯಿತು. ತಲೆನೋವೆಂದರೆ ಮೆದುಳಿನ ನಾಳಗಳು ಬಿಗಿಯುತ್ತಿದ್ದವು. ಎದೆಗುಳಿಯ ನೋವೆಂದರೆ ಯಕೃತ್ತು ಊದುತ್ತಿತ್ತು. ಮಿಣುಕುಹುಳವೆಂದರೆ ಇನ್ನು ಹೆಚ್ಚು ಹೊತ್ತು ಉಳಿದಿರಲಿಲ್ಲ. ಖಾಲಿಯಿದ್ದ ಜಾಗದ ಎರಡು ತುದಿಗಳನ್ನು ಆ ಮೆಟ್ಟಿಲುಗಳು ಒಂದೂ ತಪ್ಪದೆ ಕೂಡಿಸಿದವು.

ಕೊನೆಯ ದಿನ ಏಳುವಾಗ ಜಲಜಕ್ಕ ಹೇಳಿದರು, "ಇನ್ನೊಂದು ಟೀಚರ್. ಏಳನೇ ಬೆಡ್ ಅಂತ ಕರೀಬೇಡಿ. ಅವಳಿಗೆ ಹೆಸರುಂಟು."

ಹೊಸ ಪಾಠದ ಮೊದಲ ತಂಡ ಶಿವಲೀಲಾಳದ್ದು. ಜಲಜಕ್ಕ ಗೊಂಬೆಯ ತಲೆಯ ಬದಿಗೆ ಸ್ಟೂಲಿನ ಮೇಲೆ ಕೂತಿದ್ದರು. ಬೇಡವೆಂದು ಸೆಲಿನ್ ಹೇಳಿ ನೋಡಿದ್ದರು. ಅವರು ಕೇಳಿರಲಿಲ್ಲ.

ಪರದೆಯ ಮೇಲೆ ಒಂದೇ ಸಾಲು ಮೂಡಿತು: ಹರಿಣಾಕ್ಷಿಗೆ ತಲೆನೋವು, ಮೈಮೇಲೆ ಬಿಲ್ಲೆ ಇಲ್ಲ, ನೀವು ಊರಿನ ನರ್ಸು.

ಹುಡುಗಿಯರು ಮುಖ ಮುಖ ನೋಡಿಕೊಂಡರು. ಶಿವಲೀಲಾ ಗೊಂಬೆಯನ್ನು ಎಬ್ಬಿಸಿ ಒರಗಿಸಿ ಕೂರಿಸಿದಳು. ತೋಳಿಗೆ ಪಟ್ಟಿ ಸುತ್ತಿದಳು. "ನೂರ ಅರವತ್ತೆರಡು, ನೂರ ಹನ್ನೆರಡು," ಅಂದಳು. ನಿಯಮದಂತೆ ಸ್ವಲ್ಪ ಬಿಟ್ಟು ಮತ್ತೆ ನೋಡಿದಳು. ಇಳಿದಿರಲಿಲ್ಲ.

"ವಾಹನಕ್ಕೆ ಹೇಳ್ರಿ. ಮೂತ್ರ ಪರೀಕ್ಷೆ ಮಾಡ್ರಿ. ಎಡಮಗ್ಗಲಿಗೆ ಮಲಗಸ್ರಿ."

ಆಸ್ಪತ್ರೆಗೆ ಬರುವಾಗ ಹರಿಣಾಕ್ಷಿಗೆ ಎಚ್ಚರವಿತ್ತು. ಅಲ್ಲಿ ಫಿಟ್ಸ್ ತಡೆಯುವ ಮೆಗ್ನೀಸಿಯಮ್ ಕೊಟ್ಟರು. ಒತ್ತಡದ ಮದ್ದನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು, ಮಗುವಿನ ರಕ್ತಕ್ಕೆ ಕೊರತೆಯಾಗದಂತೆ ಮೆಲ್ಲಗೆ ಇಳಿಸಿದರು. ಸಲೈನನ್ನು ಅಳೆದು ಬಿಟ್ಟರು. ಒಬ್ಬಳು ಆಗಾಗ ಗೊಂಬೆಯ ಮೊಣಕಾಲಿಗೆ ತಟ್ಟಿ ನೋಡುತ್ತಿದ್ದಳು. ಮೆಗ್ನೀಸಿಯಮ್ ಮಿತಿ ಮೀರಿದರೆ ಕಾಲು ಜಿಗಿಯುವುದು ನಿಲ್ಲುತ್ತದೆ. ಹೆರಿಗೆಯೊಂದೇ ಈ ಕಾಯಿಲೆಗೆ ನಿಜವಾದ ಮದ್ದಾದ್ದರಿಂದ ಆಪರೇಷನ್‌ಗೆ ಸಿದ್ಧಮಾಡಿದರು. ಯಂತ್ರ ಆ ಭಾಗವನ್ನು ತಾನೇ ನಡೆಸಿತು. ದಿನಗಳು ಪರದೆಯ ಮೇಲೆ ಬೇಗ ಬೇಗ ಓಡಿದವು. ಫಿಟ್ಸ್ ಬರಬೇಕಾಗಿದ್ದ ಹೊತ್ತು ಬಂತು, ಹೋಯಿತು. ಹೆರಿಗೆಯ ನಂತರವೂ ಅಪಾಯ ಇರುವ ದಿನಗಳು ಕಳೆದವು. ಒತ್ತಡ ನೂರ ಇಪ್ಪತ್ತಕ್ಕೆ ಬಂದು ನಿಂತಿತು.

ಓಟ ನಿಂತು ಗೊಂಬೆ ಮತ್ತೆ ಮಾಮೂಲಿ ಗತಿಗೆ ಬಂದಾಗ ಕೋಣೆಯಲ್ಲಿ ಪಂಪಿನ ಸದ್ದು ಮಾತ್ರ ಇತ್ತು. ಜಲಜಕ್ಕ ಮಣಿಕಟ್ಟು ಹಿಡಿದರು. ನಾಡಿ ತುಂಬಿಕೊಂಡು, ಮೆದುವಾಗಿ ಹೊಡೆಯುತ್ತಿತ್ತು.

"ಉಳಿದಳು," ಅಂದರು.

"ಜಲಜಕ್ಕ, ಇದು ಯಂತ್ರದ ಲೆಕ್ಕ," ಸೆಲಿನ್ ಶುರು ಮಾಡಿದರು. "ನಿಜವಾಗಿ ಆಗಿದ್ರೆ ಏನಾಗ್ತಿತ್ತೋ..."

"ಸುಳ್ಳು ಹೇಳಬೇಡಿ ಟೀಚರ್."

ಸೆಲಿನ್ ತಗ್ಗಿದ ದನಿಯಲ್ಲಿ, "ಹೌದು. ಉಳೀತಿದ್ದಳು," ಅಂದರು.

ಜಲಜಕ್ಕ ಅಳಲಿಲ್ಲ. ಗೊಂಬೆಯ ಕೂದಲಿಲ್ಲದ ತಲೆಯನ್ನು ಎಣ್ಣೆ ತಟ್ಟುವವರ ಹಾಗೆ ಅಂಗೈಯಿಂದ ಸವರುತ್ತ ಕೂತರು. ಹುಡುಗಿಯರಲ್ಲಿ ಇಬ್ಬರು ಗೋಡೆಯ ಕಡೆ ತಿರುಗಿದ್ದರು. ಹೊರಗೆ ಮುಂದಿನ ತಂಡದವರ ಮಾತು ಕೇಳಿಸಿತು. ಬಾಗಿಲ ಗಾಜಿನಲ್ಲಿ ಬಿಳಿ ಸಮವಸ್ತ್ರಗಳು ಕಂಡವು.

"ಈಗ ಇದನ್ನು ಎಂತ ಮಾಡ್ತೀರಿ?"

"ನಿಲ್ಲಿಸಿ ಮತ್ತೆ ಮೊದಲಿನಿಂದ ಇಡಬೇಕು," ಅಂದರು ಸೆಲಿನ್. ಇಷ್ಟು ವರ್ಷ ಸತ್ತವಳ ಪಂಪನ್ನು ನಿಲ್ಲಿಸುತ್ತಿದ್ದರು. ಬದುಕಿದವಳದ್ದನ್ನು ನಿಲ್ಲಿಸಿ ಅವರಿಗೆ ಅಭ್ಯಾಸವಿರಲಿಲ್ಲ. "ಇವತ್ತು ಬೇಕಾದ್ರೆ ಹಾಗೇ ಬಿಡುವ. ಉಳಿದವರಿಗೆ ನಾಳೆ ಬರ್ಲಿಕ್ಕೆ ಹೇಳ್ತೇನೆ. ನೀವು ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊಳ್ಳಿ."

ಜಲಜಕ್ಕ ಬಾಗಿಲ ಗಾಜಿನ ಕಡೆ ನೋಡಿದರು. ಆ ಹುಡುಗಿಯರು ಇನ್ನೆರಡು ವರ್ಷದಲ್ಲಿ ಯಾವ ಯಾವ ಊರಿನ ಯಾವ ಯಾವ ಮನೆಗೆ ಹೋಗುತ್ತಾರೋ.

"ಬೇಡ," ಅಂದರು. "ಮಕ್ಕಳು ಕಾಯ್ತಾ ಇದ್ದಾರೆ."

ಸೆಲಿನ್ ಗುಂಡಿಯ ಹತ್ತಿರ ಕೈ ಒಯ್ದರು. ಜಲಜಕ್ಕ ಮಣಿಕಟ್ಟನ್ನು ಬಿಡಲಿಲ್ಲ. ಪಂಪು ನಿಂತ ಮೇಲೂ ಒಂದೆರಡು ಬಡಿತ ಬಂತು, ಕೊಳವೆಯಲ್ಲಿ ಉಳಿದ ನೀರಿನದು. ಅದೂ ನಿಂತಿತು. ಆಗ ಅವರು ಕೈ ತೆಗೆದು ಎದ್ದು, ಸೆರಗು ಸರಿಮಾಡಿಕೊಂಡು ಹೊರಗೆ ನಡೆದರು. ವರಾಂಡದ ಕಂಬದ ಹತ್ತಿರ ಹೋದವರು ಮುಂದೆ ಹೋಗಲಾರದೆ ಅಲ್ಲೇ ನೆಲಕ್ಕೆ ಕುಸಿದು ಕೂತರು. ಶಿವಲೀಲಾ ಓಡಿಹೋಗಿ ಅವರ ಪಕ್ಕದಲ್ಲಿ ಕೂತಳು. ಏನು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಭುಜ ಮಾತ್ರ ತಾಗಿಸಿಕೊಂಡು ಕೂತಳು. ಜಲಜಕ್ಕ ಐದು ವರ್ಷದ ಅಳುವನ್ನೆಲ್ಲ ಅಲ್ಲಿ ಅತ್ತರು.

ಜಲಜಕ್ಕ ಆಮೇಲೆ ಕಾಲೇಜಿಗೆ ಬರಲಿಲ್ಲ. ಸೆಲಿನ್ ಮಾತ್ರ ವಾರಕ್ಕೊಮ್ಮೆ ಬಂದರಿನ ಕಡೆ ಹೋಗುತ್ತಿದ್ದರು. ತಾಜಾ ಮೀನು ಕೊಳ್ಳುವ ನೆಪ. ಜಲಜಕ್ಕನ ಬಿ.ಪಿ. ನೋಡಿ, ಮಾತ್ರೆ ತೆಗೆದುಕೊಳ್ಳುತ್ತಿದ್ದಾರೋ ಇಲ್ಲವೋ ಕೇಳಿ ಬರುತ್ತಿದ್ದರು. ಪ್ರತಿ ಸಲವೂ ಹೊರಡುವಾಗ ಜಲಜಕ್ಕ ಮೀನು ಮಗುಚುತ್ತಲೇ ಒಂದು ಪ್ರಶ್ನೆ ಕೇಳುತ್ತಿದ್ದರು. ಬೇರೆ ಹೆಂಗಸರಿಗೆ ಅದು ಯಾರದೋ ಯೋಗಕ್ಷೇಮದ ಮಾತಿನಂತೆ ಕೇಳಿಸುತ್ತಿತ್ತು.

"ಹೇಗಿದ್ದಾಳೆ ಟೀಚರ್?"

"ಉಳಿದಳು, ಜಲಜಕ್ಕ." ಹೆಚ್ಚಿನ ವಾರಗಳಲ್ಲಿ ಉತ್ತರ ಅದೇ. ಅವರು ತಲೆಯಾಡಿಸಿ ಮುಂದಿನ ಬಲೆಗೆ ಹೋಗುತ್ತಿದ್ದರು.

ಮಳೆಗಾಲ ಕಳೆದು ಹೊಸ ತಂಡ ಬಂದಿತ್ತು. ಆ ವಾರ ಜಲಜಕ್ಕ ಕೇಳಿದಾಗ ಸೆಲಿನ್ ಕೈಚೀಲವನ್ನು ಕೆಳಗಿಟ್ಟರು. ಸುಳ್ಳು ಹೇಳಬಾರದೆಂಬುದು ಅವರಿಬ್ಬರ ನಡುವಿನ ಒಪ್ಪಂದವಾಗಿಬಿಟ್ಟಿತ್ತು.

"ಇಲ್ಲ. ನಿನ್ನೆ ಬಂದವರು ಹೊಸಬರು. ತಲೆನೋವು ಬಿಸಿಲಿನದ್ದು ಅಂತ ತಿಳ್ಕೊಂಡು ಮಲಗ್ಲಿಕ್ಕೆ ಹೇಳಿದ್ರು. ಪ್ರೆಶರ್ ನೋಡಲಿಲ್ಲ."

ಜಲಜಕ್ಕ ಬಾಗಿದಲ್ಲೇ ನಿಂತರು. ಕೈಯಲ್ಲಿದ್ದ ಬಂಗುಡೆಯನ್ನು ಕೆಳಗಿಡಲು ಮರೆತಿದ್ದರು. ಕಾಗೆಯೊಂದು ಬಲೆಯ ತುದಿಗೆ ಬಂದು ಕೂತರೂ ಓಡಿಸಲಿಲ್ಲ. ಆಮೇಲೆ ನೆಟ್ಟಗೆ ನಿಂತು, ಉಪ್ಪಾದ ಕೈಯನ್ನು ಸೀರೆಗೆ ಒರೆಸಿಕೊಂಡರು.

"ಆ ಹುಡುಗಿಯರು ಅತ್ತರಾ?"

"ಅತ್ತರು."

"ಬೈಬೇಡಿ ಅವರಿಗೆ," ಅಂದರು ಜಲಜಕ್ಕ. "ಇನ್ನೊಮ್ಮೆ ಮಾಡ್ಲಿಕ್ಕೆ ಕೊಡಿ."